ಬಸ್ಸಿನಲ್ಲಿ ಓದುವ ಪುಸ್ತಕ

ಎರಡು ವರ್ಷಗಳ ಹಿಂದೆ ಬೇರೆ ಊರಿನ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸಿದ್ದೆ. ವಾರಪತ್ರಿಕೆಗಳ ಕಾಲದ ಜನಪ್ರಿಯ ಕಾದಂಬರಿಗಳು ನನ್ನ ವಿಷಯ. ಪ್ರಶ್ನೋತ್ತರದ ಹೊತ್ತಿಗೆ ಹಿರಿಯರೊಬ್ಬರು ಎದ್ದು ನಿಂತು, 'ಇವೆಲ್ಲ ಬಸ್ಸಲ್ಲಿ ಓದೋ ಪುಸ್ತಕಗಳಲ್ಲವೇನಮ್ಮಾ? ಇವುಗಳಲ್ಲಿ ಸಂಶೋಧನೆ ಮಾಡೋದಕ್ಕೆ ಏನಿದೆ?' ಎಂದು ಕೇಳಿದರು. ಸಭೆ ನಕ್ಕಿತು. ನಾನೂ ನಕ್ಕೆ. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಅವತ್ತು ರಾತ್ರಿ ಊರಿಗೆ ಮರಳುವ ಬಸ್ಸಿನಲ್ಲಿ ಕೂತಾಗ ಒಂದು ವಿಷಯ ಹೊಳೆಯಿತು. ನಾನು ಇಲ್ಲಿಯವರೆಗೆ ಓದಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಸ್ಸಿನಲ್ಲೇ ಓದಿದ್ದೇನೆ. ಹಾಗಾದರೆ 'ಬಸ್ಸಿನಲ್ಲಿ ಓದುವ ಪುಸ್ತಕ' ಎಂಬುದು ಬೈಗುಳ ಆದದ್ದು ಹೇಗೆ?

ನಮ್ಮ ಮನೆ ಮಾಚೇನಹಳ್ಳಿಯಲ್ಲಿ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ, ಹಾಲಿನ ಡೈರಿ, ಪೊಲೀಸ್ ಪಡೆಯ ಕ್ಯಾಂಪು, ಕೈಗಾರಿಕಾ ಪ್ರದೇಶ ಇವುಗಳ ಮಗ್ಗುಲಲ್ಲಿರುವ ಊರು. ಇಲ್ಲಿಂದ ಎಲ್ಲಿಗೆ ಹೋಗುವುದಿದ್ದರೂ ಮೊದಲು ಹೆದ್ದಾರಿಗೆ ಬಂದು ಬಸ್ಸಿಗೆ ಕೈ ಅಡ್ಡ ಹಿಡಿಯಬೇಕು. ನಾನು ಭದ್ರಾವತಿಯಲ್ಲಿ ಇಳಿದು, ಬಿ.ಆರ್.ಪಿ. ಕಡೆಯ ಬಸ್ಸು ಹಿಡಿದು ವಿಭಾಗಕ್ಕೆ ಹೋಗುತ್ತೇನೆ. ಸೀಟು ಸಿಕ್ಕರೆ ಓದು, ಸಿಗದಿದ್ದರೆ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಪುಸ್ತಕ. ಹಾಗಾಗಿ ಬೆಳಿಗ್ಗೆ ಬ್ಯಾಗಿಗೆ ಯಾವ ಪುಸ್ತಕ ಹಾಕಿಕೊಳ್ಳಬೇಕು ಎಂಬುದು ನನಗೆ ಪ್ರತಿದಿನದ ಪ್ರಶ್ನೆ. ಅದು ತೂಕದ ಪ್ರಶ್ನೆಯಂತೆ ಕಾಣುತ್ತದೆ. ಸ್ವಲ್ಪ ಯೋಚಿಸಿದರೆ ಅದರೊಳಗೆ ವಿಮರ್ಶೆಯ ಪ್ರಶ್ನೆಯೂ ಇದೆ.

ಮೊದಲು ತೂಕದ ಲೆಕ್ಕವನ್ನೇ ನೋಡೋಣ. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ಬೆಲೆ, ಪ್ರತಿಗಳ ಸಂಖ್ಯೆಯ ಜೊತೆಗೆ 'ಡೆಮಿ 1/8', '70 ಜಿ.ಎಸ್.ಎಂ. ಮ್ಯಾಪ್‌ಲಿಥೋ' ಎಂಬ ವಿವರ ಇರುತ್ತದೆ. ನಾವು ಅದನ್ನು ಓದದೆ ದಾಟುತ್ತೇವೆ. ಒಂದು ಚದರ ಮೀಟರ್ ಕಾಗದ 70 ಗ್ರಾಂ ತೂಗುತ್ತದೆ ಎಂದು ಅದರ ಅರ್ಥ. ಡೆಮಿ 1/8 ಅಳತೆಯ ಒಂದು ಹಾಳೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಹಾಗೆ ಗುಣಿಸಿದರೆ 200 ಪುಟಗಳ ಪುಸ್ತಕದ ಒಳಹಾಳೆಗಳೇ ಸುಮಾರು 210 ಗ್ರಾಂ ಆಗುತ್ತವೆ. 600 ಪುಟವಾದರೆ 630 ಗ್ರಾಂ, ಮೇಲೆ ರಟ್ಟಿನ ತೂಕ ಬೇರೆ. ಹಳೆಯ ಕಾದಂಬರಿಗಳಲ್ಲಿ ಹೆಚ್ಚಾಗಿ ಕಾಣುವ ಕ್ರೌನ್ 1/8 ಅಳತೆಯಲ್ಲಿ ಅದೇ 200 ಪುಟ, ಅದೇ ಕಾಗದದಲ್ಲಿ 170 ಗ್ರಾಮಿನ ಆಸುಪಾಸು. ಒಂದು ಕೈಯಲ್ಲಿ ಹಿಡಿದು ನಿಲ್ಲುವವರಿಗೆ ಈ 40 ಗ್ರಾಂ ಸಣ್ಣದಲ್ಲ.

ಭದ್ರಾವತಿಯ ದಾರಿಯಲ್ಲಿ ಕೂತು ಕಾಗದದ ಲೆಕ್ಕ ಹಾಕುವುದರಲ್ಲಿ ಒಂದು ವಿಷಾದವೂ ಇದೆ. ಇಲ್ಲಿನ ಮೈಸೂರು ಕಾಗದ ಕಾರ್ಖಾನೆ ಶುರುವಾದದ್ದು 1936ರಲ್ಲಿ. ಬರೆಯುವ ಕಾಗದ, ಅಚ್ಚಿನ ಕಾಗದ, ಆಮೇಲೆ ಪತ್ರಿಕೆಗಳ ನ್ಯೂಸ್‌ಪ್ರಿಂಟ್ ಎಲ್ಲ ಇಲ್ಲಿಂದ ಹೋಗುತ್ತಿತ್ತು. ಈಗ ಅಲ್ಲಿ ತಯಾರಿಕೆ ನಿಂತು ವರ್ಷಗಳಾದವು. ವಾರಪತ್ರಿಕೆಯ ಕಾದಂಬರಿಗಳನ್ನು 'ಹಗುರ' ಎಂದು ಯಾರಾದರೂ ಅಂದಾಗ ನನಗೆ ಈ ಕಾರ್ಖಾನೆ ನೆನಪಾಗುತ್ತದೆ. ಆ ಹಗುರ ಓದಿಗೆ ಬೇಕಾದ ಕಾಗದವನ್ನು ಮಾಡುತ್ತ ಒಂದು ಊರಿಗೆ ಊರೇ ಬದುಕಿತ್ತು.

ಇನ್ನು ಮಾತಿನ ಲೆಕ್ಕ. ಕನ್ನಡದಲ್ಲಿ 'ಹಗುರ' ಎಂಬುದು ಎರಡು ಕಡೆ ವಾಲುವ ಪದ. 'ಮನಸ್ಸು ಹಗುರವಾಯಿತು' ಅಂದರೆ ಸಮಾಧಾನ. 'ಹಗುರವಾಗಿ ಮಾತಾಡಬೇಡಿ' ಅಂದರೆ ಎಚ್ಚರಿಕೆ. ನಮ್ಮ ವಿಮರ್ಶೆ 'ಲಘು ಸಾಹಿತ್ಯ' ಎನ್ನುವಾಗ ಎರಡನೆಯ ಅರ್ಥವನ್ನೇ ಹೆಚ್ಚು ಬಳಸಿದೆ. ಆದರೆ ಅದೇ 'ಲಘು' ಪದ ನಮಗೆ ಮೊದಲು ಪರಿಚಯವಾದದ್ದು ಹೈಸ್ಕೂಲಿನ ಕನ್ನಡ ತರಗತಿಯಲ್ಲಿ, ಪ್ರಸ್ತಾರ ಹಾಕುವಾಗ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ. ಷಟ್ಪದಿಯ ಮೂರನೆಯ ಮತ್ತು ಆರನೆಯ ಸಾಲಿನ ಕೊನೆಗೆ ಗುರು ಬರುತ್ತದೆ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಸಾಲು ಅಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ಓಡಿಸಿಕೊಂಡು ಬರುವುದರಲ್ಲಿ ಲಘುಗಳ ಪಾಲು ದೊಡ್ಡದು. ಛಂದಸ್ಸಿನಲ್ಲಿ ಲಘು ಎಂದರೆ ಕಡಿಮೆ ದರ್ಜೆಯದು ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ. ಅದು ಕಡಿಮೆ ಕಾಲ ತೆಗೆದುಕೊಳ್ಳುತ್ತದೆ, ಅಷ್ಟೆ. ಸಾಹಿತ್ಯ ವಿಮರ್ಶೆಗೆ ಬರುವಾಗ ಈ ಕಾಲದ ಮಾತು ಕಳೆದುಹೋಗಿ ದರ್ಜೆಯ ಮಾತು ಉಳಿದುಕೊಂಡಿತು.

ಪ್ರಯಾಣಕ್ಕೆಂದೇ ಪುಸ್ತಕ ಮಾಡುವ ಚರಿತ್ರೆಯನ್ನು ನೋಡಿದರೆ ಈ ವಿಂಗಡಣೆ ಎಲ್ಲ ಕಡೆಯೂ ಇಷ್ಟು ಗಟ್ಟಿಯಾಗಿರಲಿಲ್ಲ ಎಂದು ಗೊತ್ತಾಗುತ್ತದೆ. ಫ್ರಾನ್ಸಿನಲ್ಲಿ ಹ್ಯಾಶೆಟ್ ಪ್ರಕಾಶನ 1850ರ ದಶಕದಲ್ಲೇ ರೈಲು ಪ್ರಯಾಣಿಕರಿಗಾಗಿ ಪುಸ್ತಕ ಮಾಲೆ ಆರಂಭಿಸಿತು. ನಮ್ಮಲ್ಲಿ ಎ.ಎಚ್. ವ್ಹೀಲರ್ ಕಂಪನಿ 1888ರಲ್ಲಿ 'ಇಂಡಿಯನ್ ರೈಲ್ವೆ ಲೈಬ್ರರಿ' ಮಾಲೆಯಲ್ಲಿ ಕಿಪ್ಲಿಂಗನ ಕಥೆಗಳನ್ನು ಒಂದೊಂದು ರೂಪಾಯಿಗೆ ನಿಲ್ದಾಣಗಳಲ್ಲಿ ಮಾರಿತು. 1935ರಲ್ಲಿ ಅಲೆನ್ ಲೇನ್ ಶುರುಮಾಡಿದ ಪೆಂಗ್ವಿನ್ ಆರು ಪೆನ್ಸಿನ ಪುಸ್ತಕಗಳನ್ನು ತಂದಿತು. ಅದರ ಮೊದಲ ಹತ್ತು ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯೂ ಇದ್ದಳು, ಹೆಮಿಂಗ್ವೇಯೂ ಇದ್ದ. ಒಂದೇ ಅಳತೆ, ಒಂದೇ ಬೆಲೆ. ಪತ್ತೇದಾರಿ ಯಾವುದು, ಗಂಭೀರ ಯಾವುದು ಎಂಬುದನ್ನು ಪುಸ್ತಕದ ತೂಕ ಹೇಳುತ್ತಿರಲಿಲ್ಲ.

ಕನ್ನಡದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದು ಪತ್ರಿಕೆಗಳು. 1942ರಿಂದ 1967ರವರೆಗೆ ಬಂದ ರಾಶಿಯವರ 'ಕೊರವಂಜಿ', 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ 'ಕಸ್ತೂರಿ', 1965ರಲ್ಲಿ ಬಂದ 'ಸುಧಾ' ಇವನ್ನು ಹಿಡಿದು ಎಷ್ಟು ಜನ ಎಷ್ಟು ಮೈಲಿ ಪ್ರಯಾಣ ಮಾಡಿರಬಹುದು! ಕಸ್ತೂರಿಯ ಹಿಂಬದಿಯಲ್ಲಿ ಬರುವ ಪುಸ್ತಕ ವಿಭಾಗದಲ್ಲಿ ಒಂದು ಇಡೀ ಪುಸ್ತಕ ಸಂಗ್ರಹವಾಗಿ ಸಿಗುತ್ತದೆ. ನಮ್ಮ ಅಜ್ಜ ಅದನ್ನು ಹರಿದು ತೆಗೆದು ಬೇರೆಯಾಗಿ ಹೊಲಿದಿಡುತ್ತಿದ್ದರು. ಆ ಹೊಲಿದ ಕಟ್ಟುಗಳೇ ನಾನು ಓದಿದ ಮೊದಲ 'ಪಾಕೆಟ್ ಬುಕ್'ಗಳು. ಇವತ್ತಿಗೂ ಜನ ಜೇಬಿನಲ್ಲಿಟ್ಟು ಓಡಾಡುವ ಇನ್ನೊಂದು ಪುಸ್ತಕವಿದೆ. ಅದು ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'. 1943ರ ಆ 945 ಪದ್ಯಗಳ ಪುಸ್ತಕವನ್ನು ಲಘು ಸಾಹಿತ್ಯ ಎಂದು ಯಾರೂ ಕರೆಯುವುದಿಲ್ಲ. ಆದರೆ ನಾಲ್ಕು ಸಾಲು ಓದಿ, ಪುಸ್ತಕ ಮುಚ್ಚಿ, ಕಿಟಕಿಯಾಚೆ ನೋಡುತ್ತ ಕೂರುವುದಕ್ಕೆ ಅದಕ್ಕಿಂತ ಒಳ್ಳೆಯ ಬಸ್ಸಿನ ಪುಸ್ತಕ ಇನ್ನೊಂದಿಲ್ಲ.

ಕಳೆದ ಮಳೆಗಾಲದಲ್ಲಿ ನಡೆದದ್ದು ಇದು. ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬರು ಕೂತಿದ್ದರು. ಮಾಚೇನಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ, ಕೊರಳಲ್ಲಿ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಕೈಯಲ್ಲಿ ಲೈಬ್ರರಿಯ ರಟ್ಟು ಹಾಕಿದ ಹಳೆಯ ಪುಸ್ತಕ. ಓದುತ್ತಿದ್ದವರ ಪುಸ್ತಕ ಯಾವುದೆಂದು ಬಗ್ಗಿ ನೋಡುವ ಕೆಟ್ಟ ಅಭ್ಯಾಸ ನನಗಿದೆ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'.

'ಹೆಂಗಿದೆ ಅಕ್ಕಾ?' ಅಂದೆ.

'ಚೆನ್ನಾಗೈತೆ. ನಮ್ ಸ್ಟಾಪ್ ಬರೋಷ್ಟರಲ್ಲಿ ಒಂದಷ್ಟು ಮುಗೀತೈತೆ. ಮನೇಲಿ ಎಲ್ಲಿ ಓದಾಕಾಗ್ತದೆ?' ಅಂದರು. ಆಮೇಲೆ ನನ್ನ ತೊಡೆಯ ಮೇಲಿದ್ದ ದಪ್ಪ ವಿಮರ್ಶಾ ಗ್ರಂಥವನ್ನು ನೋಡಿ, 'ನಿಮ್ದು ಪರೀಕ್ಷೆಗಾ?' ಎಂದು ಕೇಳಿದರು. ಹೌದು ಅಂದೆ. ಬೇರೆ ಏನು ಹೇಳಬೇಕೋ ತೋಚಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿ, 'ಆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲ್ಲ ಅಂತಾಳಲ್ಲ, ಆಗ ಈ ಅಜ್ಜಿ ಅವಳ ಪರ ನಿಲ್ತದೆ ನೋಡಿ. ತನಗೆ ಯಾರೂ ನಿಲ್ಲಲಿಲ್ಲ' ಅಂದರು. ಅಷ್ಟರಲ್ಲಿ ಅವರ ನಿಲ್ದಾಣ ಬಂತು, ಇಳಿದು ಹೋದರು.

1976ರಲ್ಲಿ ಪ್ರಕಟವಾದ ಈ ಕಾದಂಬರಿ ನಮ್ಮ ಜಿಲ್ಲೆಯದೇ. ತೀರ್ಥಹಳ್ಳಿಯವರಾದ ಇಂದಿರಾ ತಮ್ಮ ಕುಟುಂಬದಲ್ಲೇ ಬದುಕಿ ಬಾಳಿದ ಬಾಲವಿಧವೆಯೊಬ್ಬರ ಕಥೆಯನ್ನು ತಾಯಿಯಿಂದ ಕೇಳಿ ಬರೆದರು. ಒಂದು ಶತಮಾನ ದಾಟಿದ ಆಯುಷ್ಯ ಒಂದು ಸಣ್ಣ ಪುಸ್ತಕದಲ್ಲಿದೆ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು, ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಆಮೇಲೆ ವಿಶ್ವವಿದ್ಯಾಲಯಗಳು ಅದನ್ನು ಗಂಭೀರವಾಗಿ ಓದಿದವು. ಆದರೆ ನನ್ನ ಪಕ್ಕ ಕೂತಿದ್ದವರು ಹೇಳಿದ ಆ ಕೊನೆಯ ವಾಕ್ಯ ಇದೆಯಲ್ಲ, 'ತನಗೆ ಯಾರೂ ನಿಲ್ಲಲಿಲ್ಲ' ಎಂಬುದು, ಕಾದಂಬರಿಯ ನೈತಿಕ ಕೇಂದ್ರವೇ ಅದು. ಫಣಿಯಮ್ಮ ಕೂಗಾಡುವುದಿಲ್ಲ, ಭಾಷಣ ಮಾಡುವುದಿಲ್ಲ. ತಾನು ಅನುಭವಿಸಿದ್ದು ಇನ್ನೊಬ್ಬಳಿಗೆ ಬೇಡ ಎನ್ನುತ್ತಾಳೆ. ಇಂದಿರಾ ಅವರ ಗದ್ಯವೂ ಹಾಗೇ, ದನಿ ಏರಿಸದೆ ಮನೆಮಾತಿನಲ್ಲಿ ಸಾಗುತ್ತದೆ. ಅದಕ್ಕೇ ಆ ಪುಸ್ತಕ ಬಸ್ಸಿನ ಗದ್ದಲದಲ್ಲೂ ಕೇಳಿಸುತ್ತದೆ. ತ್ರಿವೇಣಿ, ಇಂದಿರಾ ಮುಂತಾದವರ ಬರಹವನ್ನು 'ಅಡುಗೆಮನೆ ಸಾಹಿತ್ಯ' ಎಂದು ಪಕ್ಕಕ್ಕಿಟ್ಟ ಕಾಲವೊಂದಿತ್ತು. ಅಡುಗೆಮನೆಯಲ್ಲಿ ಓದಲು ಬಿಡುವಿಲ್ಲದವರು ಅದನ್ನು ಬಸ್ಸಿನಲ್ಲಿ ಓದಿದರು.

ಆ ಸಂಜೆಯ ನಂತರ ನಾನು ಬಸ್ಸಿನ ಪುಸ್ತಕ ಎಂದರೇನು ಎಂಬುದಕ್ಕೆ ನನ್ನದೇ ಒಂದು ಅಳತೆ ಮಾಡಿಕೊಂಡೆ. ಬಸ್ಸಿನಲ್ಲಿ ಓದು ಮತ್ತೆ ಮತ್ತೆ ತುಂಡಾಗುತ್ತದೆ. ಕಂಡಕ್ಟರ್ ಚಿಲ್ಲರೆ ಕೇಳುತ್ತಾರೆ, ಪಕ್ಕದವರು ಕಿಟಕಿ ತೆಗೆಯಿರಿ ಅನ್ನುತ್ತಾರೆ, ಹಂಪ್ ಬರುತ್ತದೆ. ಬಿಟ್ಟ ಸಾಲಿಗೆ ಮರಳಿ ಹೋದಾಗ ಪುಸ್ತಕ ನಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೇ? ಬಿಟ್ಟುಕೊಂಡರೆ ಅದು ಬಸ್ಸಿನ ಪುಸ್ತಕ. ಇದು ಪುಟಗಳ ಸಂಖ್ಯೆಯ ಮಾತಲ್ಲ. ವಿಷಯ ಎಷ್ಟು ಗಂಭೀರ ಎಂಬ ಮಾತೂ ಅಲ್ಲ. ಲೇಖಕರು ಓದುಗರ ತುಂಡು ತುಂಡಾದ ಸಮಯವನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬ ಮಾತು.

ಈ ಅಳತೆ ಹಿಡಿದು ನೋಡಿದರೆ ಕೆಲವು ಸೋಜಿಗಗಳು ಕಾಣುತ್ತವೆ. 1965ರ 'ಸಂಸ್ಕಾರ' ತೆಳ್ಳಗಿನ ಪುಸ್ತಕ. ಬ್ಯಾಗಿಗೆ ಹಗುರ. ಆದರೆ ಪ್ರಾಣೇಶಾಚಾರ್ಯರ ಮನಸ್ಸಿನೊಳಗಿನ ಪುಟಗಳಲ್ಲಿ ಒಮ್ಮೆ ತಲೆ ಎತ್ತಿದರೆ ಮತ್ತೆ ಒಳಹೋಗುವುದು ಕಷ್ಟ. ನಾನು ಅದನ್ನು ಎರಡು ಸಲ ಬಸ್ಸಿನಲ್ಲಿ ಓದಲು ಹೋಗಿ ಸೋತಿದ್ದೇನೆ. ಮೂರನೆಯ ಸಲ ಮಾತ್ರ ಒಂದು ವಿಶೇಷ ಗಮನಕ್ಕೆ ಬಂತು. ಕಾದಂಬರಿಯ ಕೊನೆಯ ಭಾಗದಲ್ಲಿ ಆಚಾರ್ಯರು ಗುರುತು ಮರೆಸಿಕೊಂಡು ದಾರಿ ನಡೆಯುವಾಗ ಪುಟ್ಟ ಎಂಬವನು ಅಂಟಿಕೊಳ್ಳುತ್ತಾನೆ. ಎಷ್ಟು ತಪ್ಪಿಸಿಕೊಂಡರೂ ಬಿಡುವುದಿಲ್ಲ. ಮಾತು, ಮಾತು, ಮಾತು. ಜಾತ್ರೆ ತೋರಿಸುತ್ತಾನೆ, ಕೋಳಿ ಅಂಕಕ್ಕೆ ಕರೆದೊಯ್ಯುತ್ತಾನೆ. ಅವನು ಬಂದ ಕೂಡಲೇ ಬಸ್ಸಿನಲ್ಲೂ ನನ್ನ ಓದು ಓಡಿತು. ಅಷ್ಟು ಭಾರದ ಮನುಷ್ಯನನ್ನು ಜಗತ್ತಿನೊಳಕ್ಕೆ ನಡೆಸಿಕೊಂಡು ಹೋಗುವುದಕ್ಕೆ ಅನಂತಮೂರ್ತಿಯವರಿಗೆ ಇಂಥ ಒಬ್ಬ ಹಗುರ ಮನುಷ್ಯ ಬೇಕಾಯಿತು. ಪುಟ್ಟ ಇಲ್ಲದಿದ್ದರೆ ಆಚಾರ್ಯರು ಕಾಡಿನಲ್ಲೇ ನಿಂತುಬಿಡುತ್ತಿದ್ದರೇನೋ. ನಮ್ಮ ನವ್ಯದ ಅತ್ಯಂತ ಗಂಭೀರ ಕಾದಂಬರಿಯೊಳಗೇ ಗುರುವಿನ ಜೊತೆಗೆ ಲಘು ನಡೆಯುತ್ತಿದೆ. ವಿಮರ್ಶೆಯಲ್ಲಿ ಆಚಾರ್ಯರಿಗೆ ಸಿಕ್ಕಷ್ಟು ಪುಟಗಳು ಪುಟ್ಟನಿಗೆ ಸಿಕ್ಕಿಲ್ಲ.

ಇದನ್ನು ಬೇರೆ ರೀತಿಯಲ್ಲಿ ಅರ್ಥಮಾಡಿಕೊಂಡವರು ತೇಜಸ್ವಿ. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯದ ದಾರಿ ತಮಗೆ ಸಾಲದೆಂದು ಹೇಳಿ ಹೊರಬಂದರು. 1980ರ 'ಕರ್ವಾಲೋ' ಆ ಹೊರಬರುವಿಕೆಯ ಫಲ. ಅದರ ಶುರು ನೋಡಿ: ಜೇನು, ಮೂಡಿಗೆರೆ, ಒಬ್ಬ ಮಂದಣ್ಣ, ಅವನ ಮದುವೆಯ ತಾಪತ್ರಯ, ಕಿವಿ ಎಂಬ ನಾಯಿ. ನಗುತ್ತ ನಗುತ್ತ ಓದುವ ಹಳ್ಳಿಯ ಹರಟೆ. ಎಲ್ಲಿ ಬಿಟ್ಟರೂ ಮತ್ತೆ ಸುಲಭವಾಗಿ ಸೇರಿಕೊಳ್ಳಬಹುದು. ಹೀಗೆ ಓದುತ್ತಿದ್ದಂತೆ ಯಾವುದೋ ತಿರುವಿನಲ್ಲಿ ಈ ಹರಟೆ ಲಕ್ಷಾಂತರ ವರ್ಷಗಳ ಜೀವವಿಕಾಸದ ಕಡೆಗೆ ಹೊರಳಿರುತ್ತದೆ. ಎಲ್ಲಿ ಹೊರಳಿತು ಎಂದು ಹುಡುಕಿದರೆ ಸಿಗುವುದಿಲ್ಲ. ಕೊನೆಗೆ ಎಲ್ಲರೂ ಹುಡುಕಿಕೊಂಡು ಹೊರಟ ಹಾರುವ ಓತಿ ಯಾರ ಕೈಗೂ ಸಿಗದೆ ಕಣಿವೆಯ ಮೇಲೆ ತೇಲಿ ಹೋಗುತ್ತದೆ. ಆ ಓತಿಗೆ ಹಕ್ಕಿಯ ರೆಕ್ಕೆಯಿಲ್ಲ, ಪಕ್ಕೆಲುಬುಗಳ ಜೊತೆಗಿನ ಚರ್ಮದ ಪೊರೆಯನ್ನು ಹರಡಿಕೊಂಡು ತೇಲುವುದಷ್ಟೇ ಗೊತ್ತು. ತೇಜಸ್ವಿಯವರ ಬರಹದ ಬಗೆಯೂ ಅದೇ ಅನ್ನಿಸುತ್ತದೆ. 1994ರ 'ಜುಗಾರಿ ಕ್ರಾಸ್' ಒಂದೇ ದಿನದೊಳಗೆ ಮುಗಿಯುವ ಪತ್ತೇದಾರಿ ಓಟ, ಆದರೆ ಇಳಿದ ಮೇಲೆ ತಲೆಯಲ್ಲಿ ಉಳಿಯುವುದು ಕಾಡಿನ ಲೂಟಿಯ ಚಿತ್ರ. ಹದಿನಾರು ಪುಸ್ತಕಗಳ 'ಮಿಲನಿಯಂ ಸರಣಿ'ಯನ್ನೂ ಅವರು ಇಂಥ ಓದುಗರನ್ನು ಕಣ್ಣ ಮುಂದಿಟ್ಟುಕೊಂಡೇ ಮಾಡಿದಂತಿದೆ.

ಹಾಗೆಂದು ಎಲ್ಲ ಪುಸ್ತಕವೂ ಬಸ್ಸು ಹತ್ತಬೇಕಿಲ್ಲ. 1967ರ 'ಮಲೆಗಳಲ್ಲಿ ಮದುಮಗಳು' ಹಿಡಿದು ಒಂದು ವಾರ ಓಡಾಡಿದೆ. ಭುಜ ನೋಯಿತೇ ಹೊರತು ಓದು ಸಾಗಲಿಲ್ಲ. ಆಮೇಲೆ ರಜೆಯಲ್ಲಿ ಮನೆಯ ಜಗಲಿಯಲ್ಲಿ ಕೂತು ಓದಿದಾಗ ಕಾರಣ ತಿಳಿಯಿತು. ನಾಯಿಗುತ್ತಿ ಹುಲಿಯನನ್ನು ಕರೆದುಕೊಂಡು ಹೊರಟ ಕಾಲುದಾರಿಯಿಂದ ಶುರುವಾಗುವ ಕಾದಂಬರಿ ಅದು. ಅದರ ವೇಗ ಕಾಲ್ನಡಿಗೆಯ ವೇಗ. ಬಸ್ಸಿನ ವೇಗಕ್ಕೆ ಅದನ್ನು ಎಳೆದರೆ ಕಾಡಷ್ಟೇ ಕಾಣುತ್ತದೆ, ಮರಗಳು ಕಾಣುವುದಿಲ್ಲ. ಅದು ಕಾದಂಬರಿಯ ಕೊರತೆಯಲ್ಲ. ಪುಸ್ತಕಕ್ಕೆ ತಕ್ಕ ಜಾಗ, ತಕ್ಕ ಹೊತ್ತು ಇರುತ್ತದೆ ಎಂದಷ್ಟೇ.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಬಸ್ಸಿಗೆ ಸಲ್ಲುತ್ತದೆ ಎಂದ ಮಾತ್ರಕ್ಕೆ ಪುಸ್ತಕ ಒಳ್ಳೆಯದಾಗುವುದಿಲ್ಲ. ನನ್ನ ಸಂಶೋಧನೆಗಾಗಿ ಓದಿದ ಎಷ್ಟೋ ಧಾರಾವಾಹಿ ಕಾದಂಬರಿಗಳು ಮುಂದಿನ ವಾರದ ಕುತೂಹಲಕ್ಕಾಗಿ ಪಾತ್ರಗಳನ್ನು ಬಲಿಕೊಡುತ್ತವೆ. ನಾಲ್ಕು ಕಾದಂಬರಿ ಓದಿದರೆ ಐದನೆಯದರ ಕೊನೆ ಊಹಿಸಬಹುದು. ಬಸ್ ಸ್ಟ್ಯಾಂಡುಗಳಲ್ಲಿ ಈಗ ಹೆಚ್ಚಾಗಿ ಕಾಣುವ, ಏಳು ದಿನದಲ್ಲಿ ಬದುಕು ಬದಲಿಸುವ ಪುಸ್ತಕಗಳೂ ಒಳಗೆ ಬಿಟ್ಟುಕೊಳ್ಳುತ್ತವೆ. ಆದರೆ ಒಳಗೆ ಹೋದರೆ ಅಲ್ಲಿ ಏನೂ ಇರುವುದಿಲ್ಲ. ಫಣಿಯಮ್ಮನ ಕಥೆಗೂ ಇವಕ್ಕೂ ಇರುವ ವ್ಯತ್ಯಾಸ ಇಳಿದ ಮೇಲೆ ಗೊತ್ತಾಗುತ್ತದೆ. ಒಂದು ಪುಸ್ತಕ ನಿಲ್ದಾಣದಿಂದ ಮನೆಯವರೆಗೆ ಜೊತೆಗೆ ನಡೆದು ಬರುತ್ತದೆ, ಇನ್ನೊಂದು ಸೀಟಿನ ಮೇಲೇ ಉಳಿಯುತ್ತದೆ. ವಿಮರ್ಶೆ ಮಾಡಬೇಕಾದ ವಿಂಗಡಣೆ ಇದು. 'ಲಘು' ಎಂಬ ಒಂದೇ ಚೀಟಿ ಅಂಟಿಸಿ ಎರಡನ್ನೂ ಒಟ್ಟಿಗೆ ಮೂಟೆ ಕಟ್ಟಿದರೆ ಈ ವ್ಯತ್ಯಾಸವನ್ನು ಹೇಳುವ ಜವಾಬ್ದಾರಿಯಿಂದ ನಾವು ತಪ್ಪಿಸಿಕೊಂಡಂತೆ.

ಈ ಮಾತಿಗೆ ಈಗ ತುರ್ತೂ ಇದೆ. ನಾನು ಕಾಲೇಜಿಗೆ ಹೋಗುತ್ತಿದ್ದ ಹೊತ್ತಿನಲ್ಲಿ ಇದೇ ರಸ್ತೆಯ ಬಸ್ಸಿನಲ್ಲಿ ಮೂರು ನಾಲ್ಕು ಜನರ ಕೈಯಲ್ಲಾದರೂ ಅಚ್ಚಾದದ್ದು ಏನಾದರೊಂದು ಇರುತ್ತಿತ್ತು. ಈಗ ಎಲ್ಲರ ಕೈಯಲ್ಲೂ ಫೋನು. ನನ್ನ ಕೈಯಲ್ಲೂ. ಫೋನು ಎಷ್ಟೋ ಪುಸ್ತಕಗಳಿಗಿಂತ ಹಗುರ, ಅದರಲ್ಲಿ ಪುಸ್ತಕವನ್ನೂ ಓದಬಹುದು, ನಾನು ಓದಿದ್ದೇನೆ. ಆದರೆ ಬಸ್ಸು ಓದನ್ನು ತುಂಡು ಮಾಡುವುದಕ್ಕಿಂತ ಹೆಚ್ಚಾಗಿ ಫೋನೇ ತುಂಡು ಮಾಡುತ್ತದೆ. ಇಂಥ ಹೊತ್ತಿನಲ್ಲಿ ದಣಿದು ಮನೆಗೆ ಹೋಗುವವರ ಕೈಯಲ್ಲಿ ನಿಲ್ಲಬಲ್ಲ ಕನ್ನಡ ಪುಸ್ತಕ ಯಾವುದು ಎಂದು ಕೇಳುವುದು ಸಾಹಿತ್ಯದ ಪ್ರಶ್ನೆಯೇ. ಹೊಸ ಪುಸ್ತಕಗಳಲ್ಲಿ ಆ ಗುಣ ಇಲ್ಲದಿಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' ನೂರರ ಆಸುಪಾಸಿನ ಪುಟಗಳಲ್ಲಿ ಒಂದು ಕುಟುಂಬದ ಒಳಗಿನ ಹಿಂಸೆಯನ್ನು ಕಾಫಿ ಕುಡಿದಷ್ಟು ಸಲೀಸಾಗಿ ಹೇಳುತ್ತದೆ. ಜಯಂತ ಕಾಯ್ಕಿಣಿಯವರ ಒಂದು ಕಥೆ ಶಿವಮೊಗ್ಗದಿಂದ ಭದ್ರಾವತಿಗೆ ಬರುವಷ್ಟರಲ್ಲಿ ಮುಗಿಯುತ್ತದೆ, ಮುಗಿದ ಮೇಲೆ ಪಕ್ಕದಲ್ಲಿ ಕೂತ ಅಪರಿಚಿತರನ್ನು ನೋಡುವ ರೀತಿ ಬದಲಾಗಿರುತ್ತದೆ. ಪ್ರಕಾಶಕರಲ್ಲಿ ನನ್ನದೊಂದು ಸಣ್ಣ ಕೋರಿಕೆ: ಇಂಥ ಪುಸ್ತಕಗಳನ್ನಾದರೂ ಕ್ರೌನ್ ಅಳತೆಗೆ ಇಳಿಸಿ, ತೆಳು ಕಾಗದದಲ್ಲಿ, ಒಂದು ಕೈಗೆ ಸಿಗುವ ಹಾಗೆ ಅಚ್ಚು ಹಾಕಿ.

ಆ ಹಿರಿಯರ ಪ್ರಶ್ನೆಗೆ ಅವತ್ತು ಉತ್ತರ ಕೊಡಲಿಲ್ಲ. ಈಗ ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯದ ಶೀರ್ಷಿಕೆ 'ಬಸ್ಸಿನಲ್ಲಿ ಓದುವ ಪುಸ್ತಕಗಳು' ಎಂದು ಇಟ್ಟಿದ್ದೇನೆ. ಮಾರ್ಗದರ್ಶಕರು ಒಪ್ಪುತ್ತಾರೋ ಇಲ್ಲವೋ, ನೋಡಬೇಕು. ಅಧ್ಯಾಯದಲ್ಲಿ ಆ ಅಕ್ಕನ ಮಾತನ್ನು ಸೇರಿಸಬೇಕೆಂದಿದ್ದೆ. ಅವರ ಹೆಸರು ಕೇಳಲಿಲ್ಲ, ಅಡಿಟಿಪ್ಪಣಿಯಲ್ಲಿ ಏನೆಂದು ಹಾಕುವುದು?

ಮೊನ್ನೆ ಅದೇ ಸಂಜೆಯ ಬಸ್ಸಿನಲ್ಲಿ ಅವರು ಮತ್ತೆ ಸಿಕ್ಕರು. ಸೀಟು ಇರಲಿಲ್ಲ, ಇಬ್ಬರೂ ನಿಂತಿದ್ದೆವು. 'ಪರೀಕ್ಷೆ ಮುಗೀತಾ?' ಅಂತ ಕೇಳಿದರು. ಇನ್ನೂ ಇಲ್ಲ ಅಂದೆ. ಬ್ಯಾಗಿನಲ್ಲಿದ್ದ 'ಕರ್ವಾಲೋ' ತೆಗೆದು ಕೊಟ್ಟೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿ, 'ಹಗೂರೈತೆ, ಹಿಡ್ಕಂಡು ನಿಂತ್ಕಬಹುದು' ಅಂದರು.